ಬರುವಾಗೊಂದು ಸ್ವರ, ಹೋಗುವಾಗೊಂದು ಸ್ವರ

ಅರಸೀಕೆರೆ ಬಿಟ್ಟು ಬೀರೂರಿನ ಕಡೆ ಹೋಗುವ ರೈಲು ಹಳಿಯ ಎರಡೂ ಬದಿಗೆ ತೆಂಗಿನ ತೋಟಗಳು. ಊರದಾರಿ ಹಳಿಯನ್ನು ಅಡ್ಡಹಾಯುವಲ್ಲಿ ಒಂದು ಗೇಟು, ಅದರ ಪಕ್ಕ ಗೇಟ್‌ಮ್ಯಾನ್‌ನ ಪುಟ್ಟ ಕೋಣೆ. ಬೆಳಿಗ್ಗೆ ಎಂಟರ ಹೊತ್ತು. ಸ್ಟೇಷನ್ನಿನಿಂದ ಫೋನ್ ಬಂದಿದೆ, ಗೇಟು ಹಾಕಿದೆ. ಎಳನೀರು ಹೇರಿದ ಟೆಂಪೊ, ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೊರಟ ಮೊಪೆಡ್, ಶಾಲೆ ಮಕ್ಕಳ ವ್ಯಾನು ಸಾಲಾಗಿ ನಿಂತಿವೆ. ಎಲ್ಲರೂ ಎಂಜಿನ್ ಆರಿಸಿದ ಮೇಲೆ ತೋಟದೊಳಗಿನ ಗಿಳಿಗಳ ಗಲಾಟೆ ಕಿವಿಗೆ ಬೀಳುತ್ತದೆ. ಗೇಟ್‌ಮ್ಯಾನ್ ಹಸಿರು ಬಾವುಟ ಬಿಚ್ಚಿ ಹಿಡಿದಿದ್ದಾನೆ.

ಹಳಿಯುದ್ದಕ್ಕೂ ಇಂಥ ಗೇಟುಗಳಿಗೆ ಸ್ವಲ್ಪ ಮುಂಚೆ ಒಂದು ಹಳದಿ ಬೋರ್ಡು ನೆಟ್ಟಿರುತ್ತಾರೆ. ಅದರ ಮೇಲೆ ‘ಡಬ್ಲ್ಯು/ಎಲ್’ ಎಂದು ಇಂಗ್ಲಿಷಿನಲ್ಲಿ, ‘ಸೀ/ಫಾ’ ಎಂದು ಹಿಂದಿಯಲ್ಲಿ. ಮುಂದೆ ಫಾಟಕ್ ಇದೆ, ಸೀಟಿ ಹಾಕು ಎಂದು ಲೋಕೋ ಪೈಲಟ್‌ಗೆ ಸೂಚನೆ. ಅಲ್ಲಿಂದ ಹಾರನ್ ಶುರು. ದೂರದ ತಿರುವಿನಲ್ಲಿ ಇನ್ನೂ ಎಂಜಿನ್ನಿನ ಮುಖ ಕಾಣದಿರುವಾಗಲೇ ಆ ದನಿ ತೋಟ ದಾಟಿ ಬಂದುಬಿಡುತ್ತದೆ. ಹತ್ತಿರ ಬಂದಷ್ಟೂ ಜೋರು. ಕೊನೆಗೆ ಎಂಜಿನ್ ಗೇಟನ್ನು ಹಾಯ್ದು ಹೋಗುವ ಒಂದು ಕ್ಷಣದಲ್ಲಿ, ಬೋಗಿಗಳ ಗಾಳಿ ಮುಖಕ್ಕೆ ಬಡಿಯುತ್ತಿರುವಾಗಲೇ, ಸ್ವರ ಜಾರುತ್ತದೆ. ಮೇಲಿದ್ದದ್ದು ಕೆಳಗೆ ಬಂದು ಕೂರುತ್ತದೆ. ವ್ಯಾನಿನೊಳಗಿನ ಮಕ್ಕಳು ಅದನ್ನು ಬಾಯಲ್ಲೇ ಮಾಡಿ ತೋರಿಸುತ್ತಾರೆ: ‘ಪೀಂ’ ಎಂದು ಎತ್ತರದಲ್ಲಿ ಹಿಡಿದು ‘ಪೋಂ’ ಎಂದು ಇಳಿಸುತ್ತಾರೆ. ರೈಲು, ಕಾರು, ಬೈಕು ಏನನ್ನೇ ಅನುಕರಿಸಿದರೂ ಮಕ್ಕಳು ಆ ಇಳಿಜಾರನ್ನು ಮರೆಯುವುದಿಲ್ಲ. ಪಾಠ ಓದುವುದಕ್ಕೆ ಎಷ್ಟೋ ವರ್ಷ ಮೊದಲೇ ಅವರ ಕಿವಿ ಅದನ್ನು ಕಲಿತಿರುತ್ತದೆ.

ಇಲ್ಲಿ ಗಮನವಿಟ್ಟು ಕೇಳಬೇಕಾದ ಒಂದು ಸಂಗತಿ ಇದೆ. ರೈಲು ಹತ್ತಿರವಾದಂತೆ ಸ್ವರ ಏರುತ್ತಾ ಹೋಗುತ್ತದೆ ಎಂದು ಹೇಳುವವರು ಬಹಳ. ಏರುವುದು ದನಿಯ ಜೋರು ಮಾತ್ರ. ರೈಲಿನ ವೇಗ ಬದಲಾಗದಿದ್ದರೆ ಸ್ವರ ದೂರದಲ್ಲೇ ತನ್ನ ಎತ್ತರವನ್ನು ಹಿಡಿದಿರುತ್ತದೆ. ಅಲ್ಲಿಂದ ಮುಂದೆ ಅದಕ್ಕೆ ಇಳಿಯುವುದೊಂದೇ ದಾರಿ. ಗೇಟಿಗೆ ಅಂಟಿಕೊಂಡು ನಿಂತವರಿಗೆ ಆ ಇಳಿತ ಅರ್ಧ ಉಸಿರಿನಲ್ಲಿ ಮುಗಿದುಹೋಗುತ್ತದೆ. ಅದೇ ರೈಲನ್ನು ತೋಟದೊಳಗೆ ಇನ್ನೂರು ಮೀಟರು ದೂರದಲ್ಲಿ ಕಾಯಿ ಕೆಡವುತ್ತಿರುವವನು ಕೇಳಿದರೆ, ಅವನಿಗೆ ಅದು ಹಲವು ಸೆಕೆಂಡುಗಳ ಉದ್ದಕ್ಕೂ ಮೆಲ್ಲಗೆ ಜಾರುವ ಮೀಂಡು. ಎಂಜಿನ್ನಿನೊಳಗೆ ಕೂತ ಪೈಲಟ್‌ಗೆ ಸ್ವರ ಕೂದಲೆಳೆಯಷ್ಟೂ ಕದಲುವುದಿಲ್ಲ. ಹಾರನ್ ಒಂದೇ, ಊದುವ ಗಾಳಿ ಒಂದೇ. ಕೇಳಿದ ಸ್ವರ ಮೂವರಿಗೂ ಬೇರೆಬೇರೆ.

ಕಾರಣ ಅಲೆಗಳ ಅಂತರದಲ್ಲಿದೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರು ಓಡುತ್ತದೆ. ಹಾರನ್ ಸೆಕೆಂಡಿಗೆ 340 ಸಲ ಕಂಪಿಸುತ್ತಿದೆ ಎಂದಿಟ್ಟುಕೊಳ್ಳೋಣ. ನಿಂತ ರೈಲಾದರೆ ಒಂದು ಸೆಕೆಂಡಿನಲ್ಲಿ ಹೊರಟ 340 ಅಲೆಗಳು 340 ಮೀಟರಿನಲ್ಲಿ ಹರಡಿರುತ್ತವೆ, ಅಲೆಯಿಂದ ಅಲೆಗೆ ಒಂದು ಮೀಟರು. ರೈಲು ಗಂಟೆಗೆ 72 ಕಿಲೋಮೀಟರು, ಅಂದರೆ ಸೆಕೆಂಡಿಗೆ 20 ಮೀಟರು ಓಡುತ್ತಿದ್ದರೆ? ಮೊದಲ ಅಲೆ 340 ಮೀಟರು ಮುಂದೆ ಹೋಗುವಷ್ಟರಲ್ಲಿ ಹಾರನ್ ತಾನೇ 20 ಮೀಟರು ಅದರ ಹಿಂದೆ ಬಂದಿರುತ್ತದೆ. ಅಷ್ಟೂ ಅಲೆಗಳು ಈಗ 320 ಮೀಟರಿನಲ್ಲಿ ಒತ್ತರಿಸಿಕೊಂಡಿವೆ. ಗೇಟಿನಲ್ಲಿ ನಿಂತವರ ಕಿವಿಗೆ ಸೆಕೆಂಡಿಗೆ 361 ಅಲೆ ಬಡಿಯುತ್ತವೆ. ರೈಲು ದಾಟಿ ದೂರವಾಗುವಾಗ ಅವೇ ಅಲೆಗಳು 360 ಮೀಟರಿಗೆ ಎಳೆದುಕೊಳ್ಳುತ್ತವೆ, ಕಿವಿಗೆ 321 ಮಾತ್ರ ತಲುಪುತ್ತವೆ.

ಈಗ ಬಂದ ಸ್ವರವನ್ನೂ ಹೋದ ಸ್ವರವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅನುಪಾತ 360ಕ್ಕೆ 320, ಅಂದರೆ 9ಕ್ಕೆ 8. ಕರ್ನಾಟಕ ಸಂಗೀತ ಬಲ್ಲವರು ಇಲ್ಲಿ ತಲೆಯೆತ್ತುತ್ತಾರೆ. ಷಡ್ಜಕ್ಕೂ ಚತುಃಶ್ರುತಿ ರಿಷಭಕ್ಕೂ ಇರುವ ಅಂತರ ಇದೇ! ಗೇಟು ದಾಟುವ ರೈಲು ‘ರಿ’ ಎಂದು ಬಂದು ‘ಸ’ ಎಂದು ಹೋಗುತ್ತದೆ. ರೈಲು 40 ಕಿಲೋಮೀಟರಿನಲ್ಲಿದ್ದರೆ ಅಂತರ 16ಕ್ಕೆ 15ರ ಹತ್ತಿರ, ಅದು ಶುದ್ಧ ರಿಷಭ. 110ರಲ್ಲಿ ಓಡಿದರೆ 6ಕ್ಕೆ 5ರ ಹತ್ತಿರ, ಸಾಧಾರಣ ಗಾಂಧಾರ. ಹಾರನ್ನಿನಲ್ಲಿ ಎರಡು ಸ್ವರ ಕೂಡಿ ಮೊಳಗಿದರೂ ಎರಡೂ ಅದೇ ಅನುಪಾತದಲ್ಲಿ ಇಳಿಯುವುದರಿಂದ ಲೆಕ್ಕ ತಪ್ಪುವುದಿಲ್ಲ. ಬಿಸಿಲು ಏರಿದಾಗ ಗಾಳಿಯಲ್ಲಿ ಶಬ್ದ ಇನ್ನಷ್ಟು ಬೇಗ ಓಡುವುದರಿಂದ ಎರಡು ಮೂರು ಕಿಲೋಮೀಟರು ಹೆಚ್ಚುಕಡಿಮೆ ಆಗಬಹುದು, ಅಷ್ಟೆ. ಶ್ರುತಿಜ್ಞಾನ ಇರುವ ವೀಣೆಯ ಮೇಷ್ಟ್ರೊಬ್ಬರು ಗೇಟಿನ ಬಳಿ ಕಣ್ಣುಮುಚ್ಚಿ ನಿಂತು ರೈಲಿನ ವೇಗ ಹೇಳಬಹುದು. ಅವರ ಕಿವಿ ಹಿಡಿಯುವುದು ಅನುಪಾತವನ್ನು, ಅನುಪಾತದೊಳಗೆ ಕೂತಿರುವುದು ವೇಗ.

ಸಂಗೀತಗಾರರ ಕಿವಿಯನ್ನೇ ಮಾಪನವಾಗಿ ಬಳಸಿದ ಪ್ರಯೋಗವೊಂದು ನಿಜಕ್ಕೂ ನಡೆದಿದೆ. 1845ರಲ್ಲಿ, ನೆದರ್ಲೆಂಡ್ಸಿನಲ್ಲಿ. ಆಮ್‌ಸ್ಟರ್‌ಡ್ಯಾಮ್‌ನಿಂದ ಉಟ್ರೆಕ್ಟ್‌ಗೆ ರೈಲು ಹಳಿ ಬಿದ್ದು ಆಗಿನ್ನೂ ಎರಡು ವರ್ಷ. ಮನುಷ್ಯ ಕುದುರೆಗಿಂತ ವೇಗವಾಗಿ ಓಡುವ ವಾಹನವನ್ನು ಆಗಷ್ಟೇ ಕಂಡಿದ್ದ ಕಾಲ ಅದು. ನಮಗೆ ಇಂದು ದಿನನಿತ್ಯವಾಗಿರುವ ಈ ಸ್ವರದ ಜಾರು ಆ ತಲೆಮಾರಿಗೆ ತೀರಾ ಹೊಸದು. ಎತ್ತಿನ ಗಾಡಿಯ ಗೆಜ್ಜೆ ಎಷ್ಟು ಓಡಿದರೂ ಸ್ವರ ಬದಲಿಸಿದ್ದು ಕಿವಿಗೆ ಗೊತ್ತಾಗುವಂತಿರಲಿಲ್ಲ.

ಉಟ್ರೆಕ್ಟ್‌ನಲ್ಲಿ ಬಾಯ್ಸ್ ಬ್ಯಾಲಟ್ ಎಂಬ 27ರ ಹರೆಯದ ವಿಜ್ಞಾನಿ ಇದ್ದ. ಪ್ರಾಗ್ ನಗರದ ಗಣಿತ ಪ್ರಾಧ್ಯಾಪಕನೊಬ್ಬ ಮೂರು ವರ್ಷದ ಹಿಂದೆ ಮಂಡಿಸಿದ್ದ ವಾದ ಅವನ ಕೈಗೆ ಬಂದಿತ್ತು. ಅಲೆ ಹೊರಡಿಸುವ ವಸ್ತು ಚಲಿಸಿದರೆ ಅಲೆಯ ಆವೃತ್ತಿಯೇ ಬೇರೆಯಾಗಿ ತೋರುತ್ತದೆ ಎಂಬ ವಾದ. ಬಾಯ್ಸ್ ಬ್ಯಾಲಟ್‌ಗೆ ಅದರಲ್ಲಿ ಅನುಮಾನ. ಒರೆಗೆ ಹಚ್ಚಿ ನೋಡೋಣವೆಂದು ಅವನು ಒಂದು ಉಗಿ ಎಂಜಿನ್ನನ್ನೂ ತೆರೆದ ಬೋಗಿಯನ್ನೂ ಪ್ರಯೋಗಕ್ಕೆಂದು ಪಡೆದುಕೊಂಡ.

ಫೆಬ್ರವರಿಯ ಆ ಬಯಲು ಹೇಗಿದ್ದಿರಬೇಕು! ಉಟ್ರೆಕ್ಟ್‌ನಿಂದ ಮಾರ್ಸೆನ್‌ವರೆಗೆ ಅಂಗೈಯಂತೆ ಚಪ್ಪಟೆ ನೆಲ, ಹತ್ತಿರದಲ್ಲೇ ಫೆಕ್ಟ್ ಹೊಳೆ, ಗಾಳಿಯನ್ನು ತಡೆಯಲು ಒಂದು ದಿಣ್ಣೆಯೂ ಇಲ್ಲದ ಹುಲ್ಲುಗಾವಲು. ತೆರೆದ ಬೋಗಿಯ ಮೇಲೆ ಕಹಳೆ ಹಿಡಿದ ವಾದಕರು. ಹಳಿಯ ಪಕ್ಕದಲ್ಲಿ ಸ್ವರ ಗುರುತಿಸುವುದರಲ್ಲಿ ಪಳಗಿದ ಸಂಗೀತಗಾರರು ಕಾದು ನಿಂತಿದ್ದಾರೆ. ಅಂದು ಹಿಮವೂ ಆಲಿಕಲ್ಲೂ ಸೇರಿ ಮುಖಕ್ಕೆ ಹೊಡೆದು ಪ್ರಯೋಗವನ್ನು ನಿಲ್ಲಿಸಬೇಕಾಯಿತು. ಮರಗಟ್ಟಿದ ತುಟಿಯಲ್ಲಿ ಕಹಳೆ ಶ್ರುತಿಗೆ ನಿಲ್ಲುವುದು ಹೇಗೆ?

ಜೂನ್ ತಿಂಗಳ ಮೊದಲ ವಾರದಲ್ಲಿ, ಬೇಸಿಗೆಯ ಹದವಾದ ಗಾಳಿಯಲ್ಲಿ, ಮತ್ತೆ ಎಲ್ಲರೂ ಸೇರಿದರು. ಈ ಸಲ ಎಂಜಿನ್ ಹಲವು ಬಾರಿ ಹೋಯಿತು, ಬಂತು. ಬೋಗಿಯ ಮೇಲಿನ ವಾದಕರು ಒಂದೇ ಸ್ವರ ಹಿಡಿದು ಊದಬೇಕು. ನೆಲದ ಮೇಲಿನವರು ಬರುವಾಗ ಎಷ್ಟು ಏರಿದೆ, ಹೋಗುವಾಗ ಎಷ್ಟು ಇಳಿದಿದೆ ಎಂದು ಬರೆದಿಡಬೇಕು. ಅದನ್ನೇ ತಿರುಗಿಸಿಯೂ ನೋಡಿದರು: ಊದುವವರು ನೆಲದ ಮೇಲೆ, ಕೇಳುವವರು ರೈಲಿನ ಮೇಲೆ. ಕೆಲಸ ಅಂದುಕೊಂಡಷ್ಟು ಸುಲಭವಲ್ಲ. ಎಂಜಿನ್ನಿನ ಸದ್ದು ಕಹಳೆಯನ್ನು ನುಂಗುತ್ತದೆ. ಉಗಿಯ ಎಂಜಿನ್ನನ್ನು ಒಂದೇ ವೇಗದಲ್ಲಿ ಹಿಡಿದಿಡುವುದೂ ಕಷ್ಟ. ಅಷ್ಟಾದರೂ ಬರೆದಿಟ್ಟದ್ದನ್ನೆಲ್ಲ ಕೂಡಿಸಿ ನೋಡಿದಾಗ ಏರಿಳಿತ ಲೆಕ್ಕ ಹೇಳಿದಂತೆಯೇ ಇತ್ತು. ಅನುಮಾನದಿಂದ ಹೊರಟವನು ಶಬ್ದದ ಮಟ್ಟಿಗೆ ವಾದ ನಿಜವೆಂದು ಅದೇ ವರ್ಷ ಪ್ರಕಟಿಸಿದ. ವಾದ ಹಿಡಿಸದಿದ್ದರೂ ಅದಕ್ಕೆ ಇಷ್ಟು ನ್ಯಾಯವಾದ ಪರೀಕ್ಷೆ ಒಡ್ಡಿ, ಬಂದ ಉತ್ತರವನ್ನು ಹಾಗೆಯೇ ಒಪ್ಪಿಕೊಂಡ ಈ ಯುವಕನ ಮೇಲೆ ನನಗೆ ತುಂಬಾ ಗೌರವ. ಮುಂದೆ ಅವನೇ ಡಚ್ಚರ ಹವಾಮಾನ ಸಂಸ್ಥೆಯನ್ನು ಕಟ್ಟಿದ. ಗಾಳಿಗೆ ಬೆನ್ನು ಕೊಟ್ಟು ನಿಂತರೆ ಉತ್ತರಾರ್ಧಗೋಳದಲ್ಲಿ ಕಡಿಮೆ ಒತ್ತಡ ನಿಮ್ಮ ಎಡಕ್ಕಿರುತ್ತದೆ ಎಂಬ, ಹಡಗಿನವರು ಬಾಯಿಪಾಠ ಮಾಡುತ್ತಿದ್ದ ನಿಯಮ ಅವನ ಹೆಸರಿನದೇ.

ಪ್ರಾಗ್‌ನ ಆ ಪ್ರಾಧ್ಯಾಪಕ ಕ್ರಿಶ್ಚಿಯನ್ ಡಾಪ್ಲರ್. ಸಾಲ್ಸ್‌ಬರ್ಗ್‌ನ ಕಲ್ಲುಕೆಲಸದವರ ಮನೆತನದಲ್ಲಿ 1803ರಲ್ಲಿ ಹುಟ್ಟಿದವನು. ಉಳಿ ಸುತ್ತಿಗೆ ಹಿಡಿಯಲು ಮೈಯಲ್ಲಿ ಕಸುವಿಲ್ಲವೆಂದು ಓದಿಗೆ ಹಚ್ಚಿದರು. ಕೆಲಸ ಸಿಗದೆ ಬೇಸತ್ತು, ಇದ್ದ ಸಾಮಾನು ಮಾರಿ ಅಮೆರಿಕಕ್ಕೆ ಹೊರಟುನಿಂತಿದ್ದವನನ್ನು ಪ್ರಾಗ್‌ನಿಂದ ಬಂದ ಕರೆ ಉಳಿಸಿಕೊಂಡಿತು. 1842ರ ಮೇ 25ರಂದು ಅಲ್ಲಿನ ವಿಜ್ಞಾನ ಸಂಘದ ಸಭೆಯಲ್ಲಿ, ಬೆರಳೆಣಿಕೆಯ ಜನರೆದುರು ಅವನು ತನ್ನ ಪ್ರಬಂಧ ಓದಿದ. ವಿಷಯ ರೈಲೂ ಅಲ್ಲ, ಕಹಳೆಯೂ ಅಲ್ಲ. ಜೋಡಿ ನಕ್ಷತ್ರಗಳ ಬಣ್ಣ. ಅಲೆಗಳಿಗೆ ಎದುರಾಗಿ ಸಾಗುವ ಹಡಗಿಗೆ ಹೆಚ್ಚು ಅಲೆ ಬಡಿಯುತ್ತವೆ, ಅಲೆಗಳ ಜೊತೆಯಲ್ಲೇ ಸಾಗುವ ಹಡಗಿಗೆ ಕಡಿಮೆ. ಶಬ್ದಕ್ಕೂ ಬೆಳಕಿಗೂ ಇದೇ ನ್ಯಾಯ ಸಲ್ಲಬೇಕು ಎಂದು ಅವನು ಹೇಳಿದ.

ನ್ಯಾಯ ಸರಿಯಾಗಿತ್ತು. ಆದರೆ ಅದನ್ನು ಹಿಡಿದು ಅವನು ತಲುಪಿದ ಜಾಗ ಸರಿಯಿರಲಿಲ್ಲ. ಮಳೆಗಾಲ ಕಳೆದ ಮೇಲೆ ಸಂಜೆಯ ಆಕಾಶದಲ್ಲಿ ನೆತ್ತಿಯ ಹತ್ತಿರ ರಾಜಹಂಸ ನಕ್ಷತ್ರಪುಂಜ ಕಾಣುತ್ತದೆ. ಹಂಸದ ಕೊಕ್ಕಿನಲ್ಲಿರುವ ಆಲ್ಬಿರಿಯೋ ಬರಿಗಣ್ಣಿಗೆ ಒಂದೇ ಚುಕ್ಕಿ. ಸಣ್ಣ ದೂರದರ್ಶಕದಲ್ಲಿ ನೋಡಿದರೆ ಅದು ಎರಡಾಗುತ್ತದೆ: ಒಂದು ಹೊನ್ನಿನ ಬಣ್ಣ, ಪಕ್ಕದ್ದು ತಿಳಿನೀಲಿ. ಶಾಲೆ ಮಕ್ಕಳಿಗೆ ಆಕಾಶ ತೋರಿಸುವವರು ಇದನ್ನು ತಪ್ಪದೆ ತೋರಿಸುತ್ತಾರೆ. ಕಣ್ಣಿಟ್ಟ ಪ್ರತಿಯೊಬ್ಬರ ಬಾಯಿಂದಲೂ ಒಂದು ‘ಓ’ ಹೊರಡುತ್ತದೆ. ಇಂಥ ಬಣ್ಣಗಳೆಲ್ಲ ಚಲನೆಯಿಂದ ಹುಟ್ಟಿದವು, ನಮ್ಮತ್ತ ಬರುವ ನಕ್ಷತ್ರ ನೀಲಿಯತ್ತ, ದೂರ ಸರಿಯುವುದು ಕೆಂಪಿನತ್ತ ವಾಲುತ್ತದೆ ಎಂಬುದು ಡಾಪ್ಲರ್‌ನ ನಂಬಿಕೆ. ಆದರೆ ನಕ್ಷತ್ರಗಳ ಬಣ್ಣ ಅವುಗಳ ಕಾವಿನದು. ಆಲ್ಬಿರಿಯೋದ ಹೊನ್ನಿನ ಚುಕ್ಕಿ ಸುಮಾರು 4000 ಕೆಲ್ವಿನ್ ಕಾವಿನದು, ನೀಲಿ ಚುಕ್ಕಿ 12000ವನ್ನೂ ಮೀರಿದ್ದು. ಬೆಳಕು ಸೆಕೆಂಡಿಗೆ 3 ಲಕ್ಷ ಕಿಲೋಮೀಟರು ಓಡುತ್ತದೆ. ನಕ್ಷತ್ರ ಸೆಕೆಂಡಿಗೆ 30 ಕಿಲೋಮೀಟರು ಓಡಿದರೂ ಆವೃತ್ತಿ ಬದಲಾಗುವುದು ಹತ್ತು ಸಾವಿರದಲ್ಲಿ ಒಂದು ಪಾಲು. ಕಣ್ಣಿಗೆ ಅದು ಬಣ್ಣದ ಬದಲಾವಣೆಯೇ ಅಲ್ಲ.

ಬಣ್ಣವನ್ನು ಬಿಡಿ, ಬಣ್ಣದೊಳಗಿನ ಗೆರೆಗಳನ್ನು ನೋಡಿ ಎಂದು 1848ರಲ್ಲಿ ದಾರಿ ತೋರಿಸಿದವನು ಫ್ರಾನ್ಸಿನ ಫಿಜೋ. ನಕ್ಷತ್ರದ ಬೆಳಕನ್ನು ಗಾಜಿನ ಪಟ್ಟಕದಲ್ಲಿ ಹರಡಿದರೆ ಕಾಮನಬಿಲ್ಲಿನ ಪಟ್ಟಿಯ ನಡುನಡುವೆ ಕಪ್ಪು ಗೆರೆಗಳು ಕಾಣುತ್ತವೆ. ಜಲಜನಕಕ್ಕೆ ಅದರ ಗೆರೆ, ಕಬ್ಬಿಣಕ್ಕೆ ಅದರ ಗೆರೆಗಳು. ಪ್ರಯೋಗಾಲಯದ ಜಲಜನಕದ ಗೆರೆಗೂ ನಕ್ಷತ್ರದ ಜಲಜನಕದ ಗೆರೆಗೂ ನಡುವೆ ಕೂದಲೆಳೆಯ ಅಂತರ ಕಂಡರೆ, ಆ ಅಂತರವೇ ವೇಗ. ಲಂಡನ್ನಿನ ವಿಲಿಯಂ ಹಗಿನ್ಸ್ 1868ರಲ್ಲಿ ಲುಬ್ಧಕ ನಕ್ಷತ್ರದ ಮೇಲೆ ಈ ವಿಧಾನ ನಡೆಸಿದ. ಅವನು ಪಡೆದ ಅಂಕಿ ಸರಿಯಿರಲಿಲ್ಲ. ದೂರ ಹೋಗುತ್ತಿದೆ ಎಂದು ಅವನು ಹೇಳಿದ ಲುಬ್ಧಕ ನಿಜವಾಗಿ ನಮ್ಮತ್ತ ಬರುತ್ತಿದೆ. ಆದರೂ ಖಗೋಳಶಾಸ್ತ್ರ ಅಂದಿನಿಂದ ಆ ದಾರಿ ಬಿಟ್ಟಿಲ್ಲ.

ಈ ದಾರಿಯ ಒಂದು ದೊಡ್ಡ ಹೆಜ್ಜೆ ಬಿದ್ದದ್ದು ನಮ್ಮ ಪಕ್ಕದಲ್ಲೇ, ಕೊಡೈಕೆನಾಲ್‌ನಲ್ಲಿ. ಬೆಂಗಳೂರಿನ ಕೋರಮಂಗಲದಲ್ಲಿ ಇಂದು ಭಾರತೀಯ ಖಭೌತ ಸಂಸ್ಥೆಯ ಕೇಂದ್ರ ಕಚೇರಿ ಇದೆಯಲ್ಲ, ಕೊಡೈಕೆನಾಲ್‌ನ ಸೌರ ವೀಕ್ಷಣಾಲಯ ಅದರದೇ. ಪಳನಿ ಬೆಟ್ಟದ ಮೇಲೆ ಎರಡು ಸಾವಿರ ಮೀಟರಿಗೂ ಎತ್ತರದಲ್ಲಿ ಕೆಲಸ ನಡೆಯುವುದು ಬೆಳಗಿನ ಹೊತ್ತು. ಮೋಡ ಏರುವುದರೊಳಗೆ ಸೂರ್ಯನನ್ನು ಹಿಡಿಯಬೇಕು. 1907ರಲ್ಲಿ ಅಲ್ಲಿಗೆ ಬಂದ ಜಾನ್ ಎವರ್‌ಶೆಡ್ ಉಪಕರಣಗಳನ್ನು ತನ್ನ ಕೈಯಲ್ಲೇ ಜೋಡಿಸಿಕೊಳ್ಳುವ ಮನುಷ್ಯ. ಹೆಂಡತಿ ಮೇರಿ ಎವರ್‌ಶೆಡ್ ಕೂಡ ಖಗೋಳ ವಿಜ್ಞಾನಿ.

1909ರ ಜನವರಿಯ ಒಂದು ದಿನ. ಸೂರ್ಯನ ಮೈಮೇಲೆ ದೊಡ್ಡ ಕಲೆಗಳು ಎದ್ದಿವೆ. ಕತ್ತಲೆ ಕೋಣೆಯಲ್ಲಿ ಸೂರ್ಯನ ಬಿಂಬ ಬಿದ್ದಿದೆ, ಬಿಂಬಕ್ಕೆ ಅಡ್ಡಲಾಗಿ ಒಂದು ಸಣ್ಣ ಸೀಳು. ಸೀಳಿನ ಮೂಲಕ ಹಾದ ಬೆಳಕಷ್ಟೇ ಸ್ಪೆಕ್ಟ್ರೋಗ್ರಾಫಿಗೆ ಹೋಗಿ ರೋಹಿತವಾಗಿ ಬಿಡಿಸಿಕೊಂಡು ಗಾಜಿನ ಫಲಕದ ಮೇಲೆ ಅಚ್ಚಾಗುತ್ತದೆ. ಸೌರಕಲೆಯ ನಡುಭಾಗ ಕಡುಗಪ್ಪು, ಅದರ ಸುತ್ತ ಎಳೆಎಳೆಯಾದ ಅರೆನೆರಳಿನ ಅಂಚು. ಫಲಕವನ್ನು ತೊಳೆದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ಕಬ್ಬಿಣದ ಗೆರೆಗಳು ಸೂರ್ಯನ ಉಳಿದ ಮೈಯಲ್ಲಿ ನೆಟ್ಟಗಿವೆ. ಅರೆನೆರಳಿಗೆ ಬಂದಲ್ಲಿ ಮಾತ್ರ ಓರೆಯಾಗಿವೆ! ಕಲೆಯ ಒಂದು ಬದಿಯಲ್ಲಿ ಕೆಂಪಿನತ್ತ, ಇನ್ನೊಂದು ಬದಿಯಲ್ಲಿ ನೇರಳೆಯತ್ತ.

ಇಲ್ಲಿ ಎವರ್‌ಶೆಡ್ ಮಾಡಿದ ಯೋಚನೆಯನ್ನು ನಿಧಾನವಾಗಿ ನೋಡಬೇಕು. ಡಾಪ್ಲರ್‌ನ ಪಲ್ಲಟ ನಮಗೆ ತಿಳಿಸುವುದು ಒಂದೇ ಒಂದು ವಿಷಯ: ನೋಡುವವನ ಗೆರೆಯಲ್ಲಿ ವಸ್ತು ಎಷ್ಟು ಹತ್ತಿರ ಬರುತ್ತಿದೆ, ಎಷ್ಟು ದೂರ ಹೋಗುತ್ತಿದೆ. ಇಂಥ ವೇಗಗಳಲ್ಲಿ ಅಡ್ಡಲಾಗಿ ಓಡುವುದು ಅದಕ್ಕೆ ಕಾಣುವುದಿಲ್ಲ. ಕಲೆಯಲ್ಲಿ ಅನಿಲ ಮೇಲಕ್ಕೆ ಚಿಮ್ಮುತ್ತಿದ್ದರೆ ಕಲೆ ಸೂರ್ಯನ ನಟ್ಟನಡುವೆ ಇರುವಾಗ ಪಲ್ಲಟ ಹೆಚ್ಚಾಗಿರಬೇಕು. ನಡೆದದ್ದು ಅದಕ್ಕೆ ತಿರುಗಾಮುರುಗ. ನಡುವಿನಲ್ಲಿರುವ ಕಲೆಗಳಲ್ಲಿ ಗೆರೆ ನೆಟ್ಟಗೆ. ಸೂರ್ಯನ ಅಂಚಿನ ಕಡೆಗೆ ಸರಿದ ಕಲೆಗಳಲ್ಲಿ ಓರೆ. ಅಂದಮೇಲೆ ಅನಿಲ ಸೂರ್ಯನ ಮೈಗೆ ಸಮಾನಾಂತರವಾಗಿ ಹರಿಯುತ್ತಿದೆ. ಸುಳಿಯಂತೆ ಸುತ್ತುತ್ತಿದೆಯೇ? ಒಂದು ವರ್ಷದ ಹಿಂದಷ್ಟೇ ಅಮೆರಿಕದ ಹೇಲ್ ಸೌರಕಲೆಗಳಲ್ಲಿ ಕಾಂತಕ್ಷೇತ್ರ ಕಂಡುಹಿಡಿದಿದ್ದರಿಂದ ಸುಳಿಯ ನಿರೀಕ್ಷೆ ಎಲ್ಲರಿಗೂ ಇತ್ತು. ಎವರ್‌ಶೆಡ್ ಸೀಳನ್ನು ಬೇರೆಬೇರೆ ಕೋನದಲ್ಲಿ ತಿರುಗಿಸಿ ಫಲಕ ತೆಗೆದ. ಕಲೆಯ ಯಾವ ಬದಿ ಸೂರ್ಯನ ಅಂಚಿಗೆ ಹತ್ತಿರವೋ ಅಲ್ಲಿಯ ಅನಿಲ ನಮ್ಮಿಂದ ದೂರ ಹೋಗುತ್ತಿದೆ. ಈಚೆ ಬದಿಯದು ನಮ್ಮತ್ತ ಬರುತ್ತಿದೆ. ಹಾಗಾದರೆ ಅದು ಕಲೆಯ ನಡುವಿನಿಂದ ಸುತ್ತಲೂ ಹೊರಕ್ಕೆ, ಸೆಕೆಂಡಿಗೆ ಒಂದೆರಡು ಕಿಲೋಮೀಟರು ವೇಗದಲ್ಲಿ ಹರಿಯುವ ಪ್ರವಾಹ. ಆ ಪಲ್ಲಟ 6000 ಆಂಗ್‌ಸ್ಟ್ರಾಮ್ ತರಂಗದೂರದಲ್ಲಿ 0.04 ಆಂಗ್‌ಸ್ಟ್ರಾಮ್‌ನಷ್ಟು ಮಾತ್ರ. ಅಷ್ಟನ್ನು ಗಾಜಿನ ಮೇಲೆ ಅಳೆದು, ಹದಿನೈದು ಕೋಟಿ ಕಿಲೋಮೀಟರು ದೂರದ ಗಾಳಿ ಯಾವ ದಿಕ್ಕಿಗೆ ಬೀಸುತ್ತಿದೆ ಎಂದು ಹೇಳಿದ್ದು! ಸೌರಭೌತಶಾಸ್ತ್ರ ಅದನ್ನು ಇಂದಿಗೂ ಎವರ್‌ಶೆಡ್ ಪರಿಣಾಮ ಎಂದೇ ಕರೆಯುತ್ತದೆ. ಕೊಡೈಕೆನಾಲ್‌ಗೆ ಪ್ರವಾಸ ಹೋದವರು ಸರೋವರ ನೋಡಿ ಹಿಂತಿರುಗದೆ ಬೆಟ್ಟದ ಮೇಲಿನ ಆ ಕಟ್ಟಡವನ್ನೂ ನೋಡಿ ಬರಬೇಕು ಎಂದು ಸಿಕ್ಕವರಿಗೆಲ್ಲ ನಾನು ಹೇಳುತ್ತಿರುತ್ತೇನೆ.

ಮೂರು ವರ್ಷ ಕಳೆದು, 1912ರಲ್ಲಿ ಅಮೆರಿಕದ ಫ್ಲ್ಯಾಗ್‌ಸ್ಟಾಫ್‌ನಲ್ಲಿ ವೆಸ್ಟೊ ಸ್ಲೈಫರ್ ಆಂಡ್ರೊಮಿಡಾ ಗೆಲಾಕ್ಸಿಯ ಮಂಕು ಬೆಳಕಿಗೆ ಇದೇ ಉಪಾಯ ಹೂಡಿದ. ಸೆಕೆಂಡಿಗೆ 300 ಕಿಲೋಮೀಟರು ವೇಗದಲ್ಲಿ ಅದು ನಮ್ಮತ್ತ ಬರುತ್ತಿತ್ತು. ಆದರೆ ಅವನು ಅಳೆದ ಬೇರೆ ಸುರುಳಿ ಗೆಲಾಕ್ಸಿಗಳಲ್ಲಿ ಬಹುಪಾಲು ದೂರ ಓಡುತ್ತಿದ್ದವು. 1929ರಲ್ಲಿ ಹಬಲ್ ಆ ವೇಗಗಳನ್ನು ದೂರಗಳ ಜೊತೆಗಿಟ್ಟು, ದೂರದವು ಹೆಚ್ಚು ವೇಗದಲ್ಲಿ ಸರಿಯುತ್ತಿವೆ ಎಂದು ತೋರಿಸಿದ. ಬಲು ದೂರದ ಗೆಲಾಕ್ಸಿಗಳ ಈ ಕೆಂಪು ಪಲ್ಲಟಕ್ಕೆ ಕಾರಣ ಬೆಳಕಿನ ದಾರಿಯುದ್ದಕ್ಕೂ ಅವಕಾಶವೇ ಹಿಗ್ಗಿರುವುದು. ಗೇಟು ದಾಟುವ ರೈಲಿನ ಲೆಕ್ಕವನ್ನು ಅಲ್ಲಿಗೆ ಹಾಗೇ ಒಯ್ಯುವಂತಿಲ್ಲ.

ಆಕಾಶ ಬಿಟ್ಟು ನಮ್ಮೂರಿನ ಸ್ಕ್ಯಾನಿಂಗ್ ಸೆಂಟರಿಗೆ ಬರೋಣ. ಗೋಡೆಯ ಮೇಲೆ ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ’ ಎಂಬ ಬೋರ್ಡು, ಬೆಂಚಿನ ಮೇಲೆ ಫೈಲು ಹಿಡಿದು ಕೂತ ಜನ. ಒಳಗೆ ಎ.ಸಿ.ಯ ತಣ್ಪು, ಮಬ್ಬು ಬೆಳಕು. ಅರವತ್ತೈದು ದಾಟಿದ ರೈತರೊಬ್ಬರು ಪಂಚೆ ಮೇಲೆತ್ತಿಕೊಂಡು ಮಲಗಿದ್ದಾರೆ. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ, ಕಾಲ್ಬೆರಳಿನ ಗಾಯ ಮಾಯುತ್ತಿಲ್ಲ. ಚೀಟಿಯಲ್ಲಿ ಬರೆದಿರುವುದು ‘ಕಲರ್ ಡಾಪ್ಲರ್’. ಡಾಕ್ಟರು ಮೊಳಕಾಲಿನ ಹಿಂದೆ ಜೆಲ್ ಹಚ್ಚಿ ಪ್ರೋಬ್ ಇಡುತ್ತಾರೆ.

‘ತಣ್ಣಗಿದೆ ಅಲ್ವಾ? ಒಂದು ನಿಮಿಷ, ಕಾಲು ಅಲ್ಲಾಡಿಸಬೇಡಿ ಯಜಮಾನ್ರೇ.’

‘ಏನಿದು ಸ್ವಾಮಿ, ಬುಸುಬುಸು ಅಂತದಲ್ಲ?’

‘ನಿಮ್ಮ ರಕ್ತಾನೇ. ಹರೀತಿರೋ ಸದ್ದು.’

ಡಾಕ್ಟರು ಹೇಳಿದ್ದು ಹೆಚ್ಚುಕಡಿಮೆ ಅಕ್ಷರಶಃ ನಿಜ. ಪ್ರೋಬ್ ಕಳಿಸುವ ಶಬ್ದ ಸೆಕೆಂಡಿಗೆ ಐವತ್ತು ಲಕ್ಷ ಕಂಪನದ್ದು, ಯಾರ ಕಿವಿಗೂ ಕೇಳದು. ಮೈಯೊಳಗೆ ಅದು ಸೆಕೆಂಡಿಗೆ 1540 ಮೀಟರು ಓಡಿ ರಕ್ತಕಣಗಳಿಗೆ ಬಡಿದು ಹಿಂತಿರುಗುತ್ತದೆ. ಕಣ ಸೆಕೆಂಡಿಗೆ ಅರ್ಧ ಮೀಟರು ಚಲಿಸುತ್ತಿದ್ದು, ಪ್ರೋಬ್ 60 ಡಿಗ್ರಿ ಓರೆಯಲ್ಲಿದ್ದರೆ, ಹೋದ ಶಬ್ದಕ್ಕೂ ಬಂದ ಶಬ್ದಕ್ಕೂ ಇರುವ ವ್ಯತ್ಯಾಸ ಸೆಕೆಂಡಿಗೆ ಸುಮಾರು 1600 ಕಂಪನ. ಈ ವ್ಯತ್ಯಾಸ ಮಾತ್ರ ನಮ್ಮ ಕಿವಿಯ ಅಳತೆಯೊಳಗೆ ಬಂದು ಕೂತಿದೆ. ಯಂತ್ರ ಉಳಿದದ್ದನ್ನೆಲ್ಲ ಕಳೆದು ಅದನ್ನಷ್ಟೇ ಸ್ಪೀಕರಿಗೆ ಕೊಡುತ್ತದೆ. ಆ ‘ಬುಸು’ ಶುದ್ಧವಾಗಿ ಡಾಪ್ಲರ್‌ನ ಪಲ್ಲಟದ್ದೇ ದನಿ. ಕೈ ಸ್ವಲ್ಪ ತಪ್ಪಿ ಪ್ರೋಬ್ ರಕ್ತನಾಳಕ್ಕೆ ನೇರ ಲಂಬವಾಗಿ ನಿಂತರೆ ಸದ್ದು ಅಡಗಿಬಿಡುತ್ತದೆ. ರಕ್ತ ಹರಿಯುತ್ತಲೇ ಇರುತ್ತದೆ, ಆದರೆ ಹತ್ತಿರಕ್ಕೂ ಇಲ್ಲ, ದೂರಕ್ಕೂ ಇಲ್ಲ. ಡಾಕ್ಟರು ಮಣಿಕಟ್ಟನ್ನು ತುಸು ಓರೆ ಮಾಡುತ್ತಾರೆ, ಸದ್ದು ಮತ್ತೆ ಬರುತ್ತದೆ. ಎವರ್‌ಶೆಡ್ ಅಂಚಿನ ಕಲೆಗಳಿಗಾಗಿ ಕಾದದ್ದೂ ಈ ಓರೆಗಾಗಿಯೇ. ಪರದೆಯ ಮೇಲೆ ಸಾಮಾನ್ಯವಾಗಿ ಪ್ರೋಬ್‌ನತ್ತ ಬರುವ ರಕ್ತಕ್ಕೆ ಕೆಂಪು, ದೂರ ಹೋಗುವುದಕ್ಕೆ ನೀಲಿ ಬಣ್ಣ ತುಂಬಿರುತ್ತಾರೆ. ಖಗೋಳ ವಿಜ್ಞಾನಿಗಳ ರೂಢಿಗೆ ಇದು ಪೂರ್ತಿ ಉಲ್ಟಾ. ಕಟ್ಟಿಕೊಂಡ ಜಾಗದಲ್ಲಿ ರಕ್ತ ಇಕ್ಕಟ್ಟಿನಿಂದ ರಭಸವಾಗಿ ನುಗ್ಗುವುದರಿಂದ ಅಲ್ಲಿ ಸದ್ದಿನ ಸ್ವರ ಏರುತ್ತದೆ. ಪಳಗಿದ ಡಾಕ್ಟರು ಪರದೆ ನೋಡುವ ಮೊದಲೇ ಕಿವಿಯಿಂದ ಅದನ್ನು ಹಿಡಿಯುತ್ತಾರೆ.

ಈ ವಿದ್ಯೆಯಲ್ಲಿ ಮನುಷ್ಯನನ್ನು ಮೀರಿಸಿದ ಪ್ರಾಣಿ ಕುದುರೆಲಾಳ ಬಾವಲಿ. ಪಶ್ಚಿಮ ಘಟ್ಟದ ಗುಹೆಗಳಲ್ಲೂ ಇದರ ಬಳಗವಿದೆ. ಯುರೋಪಿನ ದೊಡ್ಡ ಕುದುರೆಲಾಳ ಬಾವಲಿಯ ಕಿವಿ ಸೆಕೆಂಡಿಗೆ 83 ಸಾವಿರ ಕಂಪನದ ಆಸುಪಾಸಿನಲ್ಲಿ ಅತಿ ಚುರುಕು. ಆದರೆ ಹಾರುವಾಗ ಎದುರಿನಿಂದ ಬರುವ ಮಾರ್ದನಿ ಅದರ ಹಾರಾಟದಿಂದಲೇ ಏರಿ ಆ ಚುರುಕು ಜಾಗವನ್ನು ದಾಟಿಬಿಡಬೇಕಲ್ಲ? ದಾಟುವುದಿಲ್ಲ. ವೇಗ ಹೆಚ್ಚಿದಂತೆ ಬಾವಲಿ ತಾನು ಕೂಗುವ ಸ್ವರವನ್ನೇ ಅಷ್ಟು ಇಳಿಸಿಕೊಳ್ಳುತ್ತದೆ. ಮಾರ್ದನಿ ಮಾತ್ರ ಯಾವಾಗಲೂ ಕಿವಿಗೆ ಒಪ್ಪುವ ಜಾಗಕ್ಕೇ ಬಂದು ಬೀಳುತ್ತದೆ. ಜರ್ಮನಿಯ ಹಾನ್ಸ್-ಉಲ್ರಿಚ್ ಶ್ನಿಟ್ಜ್‌ಲರ್ ಇದನ್ನು 1968ರಲ್ಲಿ ತೋರಿಸಿದರು. ಮಾರ್ದನಿ ಹೀಗೆ ಒಂದೆಡೆ ನಿಂತ ಮೇಲೆ ಅದರಲ್ಲಿ ಉಳಿಯುವ ನಡುಕವೆಲ್ಲ ಎದುರಿಗಿರುವ ಪತಂಗದ ರೆಕ್ಕೆಬಡಿತದ್ದು.

ಚಂದ್ರನ ಸುತ್ತ ಓಡುವ ನೌಕೆಯ ವೇಗವನ್ನೂ ಇದೇ ಪಲ್ಲಟದಿಂದ ಓದುತ್ತಾರೆ. ರಾಮನಗರದ ಕಡೆಯ ಬ್ಯಾಲಾಳಿನಲ್ಲಿ ಇಸ್ರೋದ 32 ಮೀಟರು ಅಗಲದ ಬಿಳಿ ಆಂಟೆನಾ ಇದೆ. 2008ರಲ್ಲಿ ಚಂದ್ರಯಾನ-1 ಚಂದ್ರನ ನೆಲದಿಂದ 100 ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತಿದ್ದಾಗ, ನೌಕೆಯ ವೇಗ ಸೆಕೆಂಡಿಗೆ ಸುಮಾರು 1.6 ಕಿಲೋಮೀಟರು. ಚಂದ್ರನ ಒಂದು ಅಂಚಿನಿಂದ ಹೊರಬರುವಾಗ ಅದರ ರೇಡಿಯೋ ಸ್ವರ ಮೇಲೆ, ಇನ್ನೊಂದು ಅಂಚಿನಲ್ಲಿ ಮರೆಯಾಗುವಾಗ ಕೆಳಗೆ. 220 ಕೋಟಿ ಕಂಪನದ ಸಂಕೇತದಲ್ಲಿ ಪಲ್ಲಟ ಸುಮಾರು ಹನ್ನೆರಡು ಸಾವಿರ ಕಂಪನದಷ್ಟಾಗಬಹುದು. ಕಕ್ಷೆಯ ಆಕಾರವನ್ನೂ ವೇಗವನ್ನೂ ಭೂಮಿಯಲ್ಲಿ ಕೂತವರು ಓದುವುದಕ್ಕೆ ಇರುವ ಮುಖ್ಯ ದಾರಿಗಳಲ್ಲಿ ಇದೊಂದು. ಆ ಓದಿನಲ್ಲಿ ಕಳೆಯಬೇಕಾದ ಇನ್ನೊಂದು ಚಲನೆಯೂ ಇದೆ. ಬ್ಯಾಲಾಳು ಕೂಡ ನಿಂತಲ್ಲಿ ನಿಂತಿಲ್ಲ. ಭೂಮಿಯೊಂದಿಗೆ ಪೂರ್ವಕ್ಕೆ ಸೆಕೆಂಡಿಗೆ 450 ಮೀಟರು ಓಡುತ್ತಿದೆ. ಚಂದ್ರ ಹುಟ್ಟುವಾಗ ಆಂಟೆನಾ ಅದರತ್ತ ಧಾವಿಸುತ್ತಿರುತ್ತದೆ, ಮುಳುಗುವಾಗ ಅದರಿಂದ ದೂರ.

ಶಬ್ದದಲ್ಲಾದರೆ ಊದುವವನು ಓಡಿದನೋ ಕೇಳುವವನು ಓಡಿದನೋ ಎನ್ನುವುದಕ್ಕೆ ನಡುವಿನ ಗಾಳಿ ಸಾಕ್ಷಿ. ಎರಡೂ ಲೆಕ್ಕಗಳಲ್ಲಿ ಸಣ್ಣ ವ್ಯತ್ಯಾಸ ಬರುತ್ತದೆ. ಬೆಳಕಿಗೆ ಅಂಥ ಸಾಕ್ಷಿ ಇಲ್ಲವೆಂದೂ ಇಬ್ಬರ ನಡುವಿನ ಸಾಪೇಕ್ಷ ವೇಗ ಒಂದೇ ಲೆಕ್ಕಕ್ಕೆ ಬರುತ್ತದೆಂದೂ 1905ರಲ್ಲಿ ಐನ್‌ಸ್ಟೈನ್ ತೋರಿಸಿದ. ಅದರ ಜೊತೆಗೇ ಅಡ್ಡ ಚಲನೆಗೂ ಒಂದು ಅತಿಸಣ್ಣ ಪಲ್ಲಟ ಉಂಟು, ಏಕೆಂದರೆ ಓಡುವ ಗಡಿಯಾರ ನಿಧಾನ. 1938ರಲ್ಲಿ ಐವ್ಸ್ ಮತ್ತು ಸ್ಟಿಲ್‌ವೆಲ್ ವೇಗವಾಗಿ ಹಾಯಿಸಿದ ಜಲಜನಕದ ಕಣಗಳ ಬೆಳಕಿನಲ್ಲಿ ಆ ನಿಧಾನದ ಗುರುತನ್ನು ಅಳೆದರು.

ಇಂದು ಈ ವಿದ್ಯೆಯ ತುದಿ ಎಲ್ಲಿಗೆ ಮುಟ್ಟಿದೆ? 1995ರಲ್ಲಿ ಮೇಯರ್ ಮತ್ತು ಕೆಲೋಜ್ ಫ್ರಾನ್ಸಿನ ಒಟ್-ಪ್ರೊವಾನ್ಸ್ ವೀಕ್ಷಣಾಲಯದಿಂದ 51 ಪೆಗಾಸಿ ಎಂಬ ಸೂರ್ಯನಂಥ ನಕ್ಷತ್ರದ ಗೆರೆಗಳು ಆಚೀಚೆ ತೂಗುವುದನ್ನು ಹಿಡಿದರು. ನಕ್ಷತ್ರ ನಾಲ್ಕು ದಿನಕ್ಕೊಮ್ಮೆ ನಮ್ಮತ್ತ ಬಂದು ಹಿಂದೆ ಸರಿಯುತ್ತಿತ್ತು, ಸೆಕೆಂಡಿಗೆ ಐವತ್ತು ಅರವತ್ತು ಮೀಟರಿನಂತೆ. ಕಣ್ಣಿಗೆ ಕಾಣದ ಗ್ರಹವೊಂದು ಸುತ್ತ ಓಡುತ್ತಾ ಅದನ್ನು ಎಳೆದಾಡುತ್ತಿತ್ತು. ಇಬ್ಬರಿಗೂ 2019ರಲ್ಲಿ ನೊಬೆಲ್ ಬಂತು. ಗುರುಗ್ರಹ ನಮ್ಮ ಸೂರ್ಯನನ್ನು ಎಳೆಯುವುದು ಸೆಕೆಂಡಿಗೆ ಸುಮಾರು 12 ಮೀಟರಿನಷ್ಟು. ಅಷ್ಟನ್ನು ಅಳೆಯುವುದು ಈಗ ಕಷ್ಟವಲ್ಲ. ಭೂಮಿ ಎಳೆಯುವುದು ಸೆಕೆಂಡಿಗೆ ಬರೀ 9 ಸೆಂಟಿಮೀಟರು. ಬೇರೆ ಸೂರ್ಯನ ಸುತ್ತ ಇನ್ನೊಂದು ಭೂಮಿ ಇದ್ದರೆ ಅದನ್ನು ಈ ದಾರಿಯಲ್ಲಿ ಹುಡುಕಲು ಆ 9 ಸೆಂಟಿಮೀಟರನ್ನು ಹಿಡಿಯಬೇಕು. ನಕ್ಷತ್ರದ ಮೈ ಕುದಿಯುವಾಗಲೇ ಸೆಕೆಂಡಿಗೆ ಮೀಟರುಗಟ್ಟಲೆ ಆಚೀಚೆ ಆಗುತ್ತಿರುತ್ತದೆ. ಅದರ ಕಲೆಗಳಲ್ಲಿ ಎವರ್‌ಶೆಡ್ ಕಂಡಂಥ ಹರಿವುಗಳೂ ಇರುತ್ತವೆ. ಆ ಗದ್ದಲದ ನಡುವಿನಿಂದ 9 ಸೆಂಟಿಮೀಟರನ್ನು ಸೋಸಿ ತೆಗೆಯುವುದು ಹೇಗೆ ಎನ್ನುವುದರ ಮೇಲೆ ಸ್ಪೆಕ್ಟ್ರೋಗ್ರಾಫ್ ಕಟ್ಟುವವರು ಈಗ ಕೆಲಸ ಮಾಡುತ್ತಿದ್ದಾರೆ.